ಖಾಲಿ ಸೀಟಿನಲ್ಲಿ ಮುರಿದ ಕೈ

ವಿಮಾ ಕಂಪನಿಯ ಕ್ಲೇಮು ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಅಪಘಾತವಾದಾಗ ನನ್ನ ತಂಗಿ ಆ ಬಾಡಿಗೆ ಕಾರಿನಲ್ಲಿ ಇರಲೇ ಇಲ್ಲ ಎಂದು ತಾವು ತೀರ್ಮಾನಿಸಿದ್ದೀರಿ. ಬಹಳ ಸಂತೋಷ. ಹಾಗಾದರೆ ಹಿಂದಿನ ಸೀಟಿನಲ್ಲಿ ಬಲಗೈ ನಜ್ಜುಗುಜ್ಜಾಗಿ "ಅಕ್ಕಾ" ಎಂದು ಕಿರುಚಿದವಳು ಯಾರು? ಕಾರು ನನ್ನ ಲಾಂಡ್ರಿ ಅಂಗಡಿಯ ತಿರುವಿನಲ್ಲಿ ನಿಧಾನಿಸಿದ್ದು, ಹಿಂದಿನಿಂದ ವ್ಯಾನೊಂದು ಬಂದು ಗುದ್ದಿದ್ದು, ನಿಲ್ಲದೆ ಪರಾರಿಯಾದದ್ದು, ಎಲ್ಲವನ್ನೂ ಅಂಗಡಿ ಬಾಗಿಲಲ್ಲಿ ನಿಂತು ಕಂಡವಳು ನಾನು. ತಾವು ಕಂಡದ್ದು ಕಾರು ಬುಕ್ ಮಾಡಿದ ಆ್ಯಪಿನ ದಾಖಲೆಯನ್ನು ಮಾತ್ರ. ಅದರಲ್ಲಿ "ಪ್ರಯಾಣ ಮುಗಿದಿದೆ" ಎಂದಿದೆ. ಪ್ರಯಾಣ ಮುಗಿದ ಮೇಲೆ ಪ್ರಯಾಣಿಕರಿಗೆ ವಿಮೆಯಿಲ್ಲ, ಆದ್ದರಿಂದ ಪ್ರಯಾಣಿಕಳೇ ಇಲ್ಲ. ಎಂಥ ತರ್ಕ ಸ್ವಾಮಿ! ಇಷ್ಟು ಸಲೀಸಾಗಿ ಮನುಷ್ಯರನ್ನು ಮಾಯ ಮಾಡುವ ವಿದ್ಯೆ ತಮಗೆ ಯಾರು ಕಲಿಸಿದರು?

ಪ್ರಯಾಣ ಮುಗಿಯುವ ಮೊದಲೇ ಆ್ಯಪಿನಲ್ಲಿ "ಮುಗಿದಿದೆ" ಎಂಬ ಗುಂಡಿಯನ್ನು ಯಾಕೆ ಒತ್ತಿದ ಎಂಬುದನ್ನು ಡ್ರೈವರು ಆಸ್ಪತ್ರೆಯ ವರಾಂಡದಲ್ಲಿ ಅಳುತ್ತಲೇ ಹೇಳಿದ. "ನಾವೆಲ್ಲ ಹಾಗೇ ಮಾಡೋದು ಅಮ್ಮ. ಮನೆ ತಿರುವು ಬಂದ ತಕ್ಷಣ ಮುಗೀತು ಅಂತ ಒತ್ತಿಬಿಡ್ತೀವಿ. ಮೊದಲು ಖಾಲಿ ಆದೋರಿಗೆ ಮುಂದಿನ ಬಾಡಿಗೆ ಬೀಳತ್ತೆ. ಇಳಿಯೋವರೆಗೂ ಕಾದ್ರೆ ಪಕ್ಕದ ಗಾಡಿಯವನು ಹೊಡ್ಕೊಂಡು ಹೋಗ್ತಾನೆ." ಕೇಳಿ ಅವನ ಕೆನ್ನೆಗೆ ಬಾರಿಸೋಣ ಎನ್ನಿಸಿತು, ನಿಜ. ಆದರೆ ಯೋಚಿಸಿ. ಈ ಊರಿನ ಡ್ರೈವರುಗಳೆಲ್ಲ ತಿರುವಿನಲ್ಲೇ ಗುಂಡಿ ಒತ್ತುತ್ತಾರೆಂದರೆ ಪ್ರತಿ ಪ್ರಯಾಣಿಕರೂ ಕೊನೆಯ ಒಂದು ಬೀದಿಯನ್ನು ತಮ್ಮ ಕಂಪನಿಯ ಲೆಕ್ಕದಲ್ಲಿ ಪ್ರೇತಗಳಾಗಿಯೇ ದಾಟುತ್ತಿದ್ದಾರೆ. ಇದು ತಮ್ಮ ಕಚೇರಿಗೆ ಗೊತ್ತಿಲ್ಲವೇ? ಗೊತ್ತಿದ್ದರೂ ಗೊತ್ತಿಲ್ಲದಂತೆ ಇರುವುದು ಲಾಭದ ಕೆಲಸವೇ?

ಇನ್ನೊಂದು ಸ್ವಾರಸ್ಯ ಕೇಳಿ. ಅದೇ ಕಾರಿನ ವಿಮೆಯೂ ತಮ್ಮಲ್ಲೇ ಇದೆ. ಗಾಡಿ ನೋಡಲು ತಮ್ಮವರು ಬಂದರು, ಫೋಟೋ ತೆಗೆದರು, ರಿಪೇರಿಗೆ ಒಪ್ಪಿಗೆಯನ್ನೂ ಕೊಟ್ಟರು. ಬಾಗಿಲು ಹೊಸದು, ಸೀಟು ಹೊಸದು, ಹಿಂದಿನ ಸೀಟಿನ ಬೆಲ್ಟೂ ಹೊಸದು. ಯಾಕೆ ಗೊತ್ತೇ? ಹಳೆಯ ಬೆಲ್ಟನ್ನು ಅಗ್ನಿಶಾಮಕದವರು ಕತ್ತರಿಸಿದ್ದರು. ಯಾರನ್ನು ಹೊರಗೆಳೆಯಲು ಕತ್ತರಿಸಿದರು, ಮಾನ್ಯರೇ? ಗಾಳಿಯನ್ನೇ? ಕತ್ತರಿಸಿದ ಬೆಲ್ಟನ್ನು ಒಪ್ಪಿಕೊಂಡ ತಾವು, ಆ ಬೆಲ್ಟಿನೊಳಗಿದ್ದವಳನ್ನು ಒಪ್ಪಲಿಲ್ಲ. ಇದನ್ನು ತಮ್ಮ ಕೌಂಟರಿನಲ್ಲಿ ಕೇಳಿದೆ. ಅಲ್ಲಿದ್ದ ಮಹಾಶಯರು ಕಂಪ್ಯೂಟರಿನಿಂದ ತಲೆ ಎತ್ತದೆ, "ಮೇಡಂ, ಅದು ಬೇರೆ ಸೆಕ್ಷನ್" ಎಂದರು. ಮೈಯೆಲ್ಲ ಉರಿದುಹೋಯಿತು.

ನನ್ನ ತಂಗಿ ಏನು ಕೆಲಸ ಮಾಡುತ್ತಾಳೆಂದು ತಮ್ಮಲ್ಲಿ ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಅವಳು ಕಿವಿ ಕೇಳದ ಮಕ್ಕಳ ಶಾಲೆಯಲ್ಲಿ ಸನ್ನೆಭಾಷೆಯ ಟೀಚರ್. ಶಾಲೆ ಬಿಟ್ಟ ಮೇಲೆ ಆಸ್ಪತ್ರೆಗೆ, ಠಾಣೆಗೆ, ಬ್ಯಾಂಕಿಗೆ ಓಡುತ್ತಾಳೆ. ಕಿವಿ ಕೇಳದವರ ಮಾತನ್ನು ಕೇಳುವವರಿಗೂ, ಕೇಳುವವರದನ್ನು ಅವರಿಗೂ ದಾಟಿಸುತ್ತಾಳೆ. ಅವಳಿಗೆ ಕೈ ಎಂದರೆ ನಾಲಿಗೆ. ಈಗ ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಕಳೆದ ವಾರ ಹಟ ಹಿಡಿದು ಶಾಲೆಗೆ ಹೋದಳು. ಮೊದಲ ಬೆಂಚಿನ ಪುಟ್ಟ ಹುಡುಗಿ ಎಲ್ಲರ ಮುಂದೆ ಸನ್ನೆ ಮಾಡಿ ಕೇಳಿದಳಂತೆ: ಮಿಸ್, ನಿಮ್ಮ ಕೈ ಯಾಕೆ ತೊದಲತ್ತೆ? ಅಲ್ಲಿ ನಕ್ಕಳು. ಮನೆಗೆ ಬಂದು ಊಟದ ತಟ್ಟೆಯನ್ನು ಗೋಡೆಗೆ ಎಸೆದು ಅತ್ತಳು. ಅವಳು ಹಾಗೆ ಅತ್ತದ್ದನ್ನು ಅಮ್ಮ ಹೋದಾಗಲೂ ನಾನು ಕಂಡಿರಲಿಲ್ಲ.

ಇನ್ನೊಂದು ಶಸ್ತ್ರಚಿಕಿತ್ಸೆಯಾದರೆ ಬೆರಳು ಮತ್ತೆ ಮಡಚುತ್ತದೆ ಎನ್ನುತ್ತಾರೆ ಡಾಕ್ಟರು. ಆದರೆ ಸ್ನಾಯು ಗಟ್ಟಿಯಾಗುವ ಮೊದಲು, ಈ ತಿಂಗಳೊಳಗೇ ಆಗಬೇಕು. ತಮ್ಮ ಒಪ್ಪಿಗೆ ಪತ್ರವಿಲ್ಲದೆ ಆಸ್ಪತ್ರೆಯವರು ಅವಳ ಕೈ ಮುಟ್ಟುವುದಿಲ್ಲ. ನಮ್ಮ ವಕೀಲರಂತೂ ಧೈರ್ಯ ತುಂಬಿದರು. "ಕೋರ್ಟಿಗೆ ಹಾಕೋಣ, ಗೆದ್ದೇ ಗೆಲ್ತೀವಿ. ಏನು, ಮೂರ್ನಾಲ್ಕು ವರ್ಷ ಹಿಡೀಬಹುದು ಅಷ್ಟೆ." ಅಷ್ಟೆಯಂತೆ! ಮೂರು ವರ್ಷದ ಮೇಲೆ ಗೆದ್ದ ತೀರ್ಪನ್ನು ಅವಳು ಮರಗಟ್ಟಿದ ಕೈಯಲ್ಲಿ ಹಿಡಿದುಕೊಳ್ಳಬೇಕೇ? ತಾವೂ ಇದನ್ನೇ ನೆಚ್ಚಿಕೊಂಡು ಕೂತಿದ್ದೀರಿ ಎಂಬುದು ನನಗೆ ಅರ್ಥವಾಗುತ್ತದೆ, ನಾನು ಅಷ್ಟೊಂದು ದಡ್ಡಿಯಲ್ಲ.

ಕೊನೆಗೆ ತಮ್ಮ ಇಲಾಖೆಗೆ ಕರುಣೆಯೂ ಬಂತು. ಕಿರಿಯ ಅಧಿಕಾರಿಯೊಬ್ಬರು ನಮ್ಮನ್ನು ಮೆಟ್ಟಿಲ ಬಳಿ ಕರೆದು ಪಿಸುಗುಟ್ಟಿದರು. "ಕಾರಿಂದ ಇಳಿದು ಬಾಗಿಲ ಹತ್ರ ನಿಂತಿದ್ದೆ ಅಂತ ಒಂದು ಹೇಳಿಕೆ ಕೊಟ್ಬಿಡಿ. ಗಾಡಿ ವಿಮೇಲಿ ದಾರಿಹೋಕರಿಗೆ ದುಡ್ಡು ಬರತ್ತೆ, ಹಾಗೆ ತೋರಿಸಿ ನಾಳೆನೇ ಪಾಸ್ ಮಾಡಿಸ್ತೀನಿ." ನಾನು ಆಗಲೇ ಪೆನ್ನು ತೆಗೆದಿದ್ದೆ. ತಂಗಿ ಅಡ್ಡ ಬಂದಳು. "ಬೇಡ ಅಕ್ಕ. ಹಾಗೆ ಬರೆದ್ರೆ ನಡುರಸ್ತೇಲಿ ಇಳಿಸಿದ ಅಂತ ಆ ಡ್ರೈವರ್‌ದು ಲೈಸೆನ್ಸ್ ಹೋಗತ್ತೆ. ನಾನು ಇಳಿದೇ ಇಲ್ವಲ್ಲ." ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳಿಗೆ ಬೈದೆ. ನಿನ್ನ ಸತ್ಯ ಬೆರಳು ಮಡಚಿಸತ್ತೇನೇ, ಪುಣ್ಯಾತ್ಗಿತ್ತಿ ಎಂದೆ. ಈಗಲೂ ನನಗೆ ಅವಳ ಮೇಲೆ ಸಿಟ್ಟಿದೆ. ಆದರೆ ಒಂದು ಕಚೇರಿ ಇದ್ದದ್ದನ್ನು ಇದ್ದ ಹಾಗೆ ಹೇಳಿದವಳನ್ನು ಇಲ್ಲ ಎನ್ನುತ್ತದೆ, ಸುಳ್ಳು ಬರೆದರೆ ಮಾತ್ರ ನೀನಿದ್ದೀಯ ಎನ್ನುತ್ತದೆ. ಅಂಥ ಕಚೇರಿಯ ಮೇಲಿನ ಸಿಟ್ಟಿಗೆ ನನ್ನಲ್ಲಿ ಪದಗಳಿಲ್ಲ.

ಆದ್ದರಿಂದ ನನ್ನ ಬೇಡಿಕೆ ಒಂದೇ. ಅವಳು ಆ ಕಾರಿನಲ್ಲಿ ಕೂತಿದ್ದಳು ಎಂದು ಒಪ್ಪಿ, ಈ ವಾರವೇ ಆಸ್ಪತ್ರೆಗೆ ಪತ್ರ ಕಳಿಸಿ. ಆಗದು ಎಂದಾದರೆ ಆ ಮಾತನ್ನು ನನಗೆ ಹೇಳಬೇಡಿ, ನಾನು ಸಾಕಷ್ಟು ಕೇಳಿಯಾಗಿದೆ. ತಾವೇ ಶಾಲೆಗೆ ಬಂದು, ಮಿಸ್ಸಿನ ಕೈ ಇನ್ನು ಸರಿಹೋಗುವುದಿಲ್ಲ, ಹಾಗೆಂದು ನಾವು ತೀರ್ಮಾನಿಸಿದ್ದೇವೆ ಎಂದು ಆ ಮಕ್ಕಳಿಗೇ ಹೇಳಿ. ಮಕ್ಕಳಿಗೆ ತಮ್ಮ ದನಿ ಕೇಳಿಸುವುದಿಲ್ಲ, ಕೈಯಲ್ಲಿ ಹೇಳಬೇಕಾಗುತ್ತದೆ. ತಮ್ಮ ಮಾತನ್ನು ಹಾಗೆ ಕೈಯಲ್ಲಿ ದಾಟಿಸಲು ಈ ಊರಿನಲ್ಲಿ ಇದ್ದವಳು ನನ್ನ ತಂಗಿ ಒಬ್ಬಳೇ.

ಇಂತಿ ತಮ್ಮಲ್ಲಿ ಎಳ್ಳಷ್ಟೂ ವಿಶ್ವಾಸ ಉಳಿಯದ,
ಖಾಲಿ ಸೀಟಿನವಳ ಅಕ್ಕ