ಆಟವಿಲ್ಲದ ವಾರ

ಲೊರೇನ್, ಒಹಾಯೋ
ಆಗಸ್ಟ್ 29, ಸೋಮವಾರ

ಐದು ಸರೋವರಗಳ ಮೇಲೆ ಕಬ್ಬಿಣದ ಅದಿರು ಹೊತ್ತು ತೇಲುತ್ತಿರುವ ಸಮಸ್ತ ಮಹಾಜನರೇ, ಎಂಜಿನ್ ಕೋಣೆಯ ಎಣ್ಣೆಮುಖದ ವೀರರೇ, ಚುಕ್ಕಾಣಿ ಹಿಡಿದ ಧೀರರೇ, ಹಡಗಿನ ತಳದಲ್ಲಿ ಆಲೂಗಡ್ಡೆ ಸುಲಿಯುವ ಅನಾಮಧೇಯರೇ! ಹುಡಾಕ್ ಮನೆತನದ ನಲವತ್ತೊಂದನೆಯ ವಾರ್ಷಿಕ ಅಮೆರಿಕನ್ ಫುಟ್‌ಬಾಲ್ ಭವಿಷ್ಯ ಸಭೆಯು ನಿನ್ನೆ ಭಾನುವಾರ ಮಧ್ಯಾಹ್ನ ಅಪ್ಪನ ಅಡುಗೆಮನೆಯಲ್ಲಿ, ಒಡೆದ ಎರಡು ತಟ್ಟೆಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ, ಶಾಂತವಾಗಿ ನೆರವೇರಿತೆಂದು ತಿಳಿಸಲು ಹೆಮ್ಮೆಪಡುತ್ತೇನೆ. ಹೆಮ್ಮೆಪಡುತ್ತಿರುವವನು ಸಭೆಯ ಕಾರ್ಯದರ್ಶಿ, ಆಸ್ಥಾನಕವಿ, ಮತ್ತು ಹೋದ ವರ್ಷ ಭವಿಷ್ಯ ಹೇಳುವುದರಲ್ಲಿ ಕಡೆಯ ಸ್ಥಾನ ಪಡೆದು ಈಸ್ಟರ್ ತನಕ ಅಪ್ಪನ ಮನೆಯ ಮುಂದಿನ ಹಿಮ ಬಾಚಿದ ಸಿರಿಲ್ ಹುಡಾಕ್. ಚಪ್ಪಾಳೆ ಸಾಕು. ಮಹಾಜನರೆಲ್ಲ ಕೆಲಸಕ್ಕೆ ಹೋಗಿ. ಇನ್ನು ಮುಂದಿನದು ನನ್ನ ಅಕ್ಕನಿಗೆ.

ಪ್ರೀತಿಯ ಇರ್ಮಕ್ಕಾ,

ಹೇಗಿದ್ದೀಯ? ಸೊಂಟದ ನೋವು ಕಡಿಮೆಯಾಯಿತೇ? ಹಡಗಿನ ಇಪ್ಪತ್ತಾರು ಗಂಡಸರಿಗೆ ದಿನಕ್ಕೆ ಮೂರು ಹೊತ್ತು ಬೇಯಿಸಿ ಹಾಕುವವಳು ಒಲೆಯ ಮುಂದೆ ದಪ್ಪ ಅಡಿಯ ಬೂಟು ಹಾಕಿಕೊಂಡು ನಿಲ್ಲಬೇಕೆಂದು ರೋಸೆಲ್ ಹೇಳಿಕಳಿಸಿದ್ದಾಳೆ. ನನ್ನ ಹೆಂಡತಿಗೆ ನಿನ್ನ ಸೊಂಟದ ಮೇಲಿರುವ ಕಾಳಜಿ ನನ್ನ ಮಂಡಿಯ ಮೇಲಿಲ್ಲ. ಸುಪೀರಿಯರ್ ಸರೋವರದಲ್ಲಿ ಹೋದ ವಾರ ಗಾಳಿ ಜೋರಿತ್ತೆಂದು ರೇಡಿಯೋ ಹೇಳಿದಾಗ ಅಪ್ಪ ಎದ್ದು ಅದರ ಕಿವಿ ತಿರುಚಿ ನಿಲ್ಲಿಸಿದರು. ನಿಲ್ಲಿಸಿದರೆ ಗಾಳಿಯೂ ನಿಲ್ಲುತ್ತದೆಂದು ಅವರ ನಂಬಿಕೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಾನು ನೋಡಿಕೊಳ್ಳುವ ಶಾಲೆಯ ಬಾಯ್ಲರ್ ಈ ಸಲ ಬೇಸಿಗೆ ರಜೆಯಲ್ಲೇ ಕೆಟ್ಟಿದೆ, ಹಾಗಾಗಿ ನನಗೆ ಕೆಲಸವಿದೆ, ಮಕ್ಕಳಿಗೆ ಚಳಿಯಿಲ್ಲ. ಇಬ್ಬರಿಗೂ ಲಾಭ.

ನಿನ್ನ ಕಾಗದದಲ್ಲಿ ನಾಲ್ಕು ಪುಟವಿತ್ತು, ಪ್ರಶ್ನೆ ಒಂದೇ: ಅಪ್ಪ ಆಪರೇಷನ್ನಿಗೆ ಒಪ್ಪಿದರೋ ಇಲ್ಲವೋ? ಉತ್ತರ ಹೇಳುತ್ತೇನೆ. ಆದರೆ ಅದಕ್ಕೆ ಭಾನುವಾರದ ಸಭೆಯ ಮೂಲಕವೇ ಹೋಗಬೇಕು, ಬೇರೆ ದಾರಿಯಿಲ್ಲ. ಜೂನ್‌ನಲ್ಲಿ ಡಾಕ್ಟರು ಹೇಳಿದ್ದು ನಿನಗೆ ಗೊತ್ತೇ ಇದೆ. ಹೃದಯದ ಕವಾಟ ಸಣ್ಣದಾಗಿದೆ, ಬದಲಾಯಿಸಬೇಕು, ಚಳಿಗಾಲ ಕೂರುವ ಮೊದಲು ಆಗಬೇಕು, ತಡಮಾಡಿದರೆ ಮುಂದಿನ ವಸಂತದ ಬಗ್ಗೆ ತಾನು ಮಾತು ಕೊಡುವುದಿಲ್ಲ ಅಂದಿದ್ದರು. ಅಪ್ಪ ಟೋಪಿ ಕೈಯಲ್ಲಿ ಹಿಡಿದು ಪೂರ್ತಿ ಕೇಳಿಸಿಕೊಂಡು, "ಫೆಬ್ರವರೀಲಿ ನೋಡಣ. ಆಟ ಎಲ್ಲ ಮುಗಿದಿರತ್ತೆ" ಅಂದರು. ಡಾಕ್ಟರು ನಗಲಿಲ್ಲ. ಅವರೂ ಇದೇ ಊರಿನವರು, ಇಂಥವರನ್ನು ನೋಡಿ ನೋಡಿ ಸಾಕಾದವರು. ಅಂದಿನಿಂದ ನಾನು ಹೇಳಿ ಸೋತೆ, ರೋಸೆಲ್ ಅತ್ತು ಸೋತಳು, ಪಾದ್ರಿಗಳು ಬಂದು ಎಲೆಕೋಸಿನಲ್ಲಿ ಮಾಂಸ ಸುತ್ತಿದ ಹೊಲುಪ್ಕಿ ಎರಡು ಪ್ಲೇಟು ತಿಂದು ಸೋತರು. ಈಗ ಅಪ್ಪ ಮನೆಯ ಮುಂದಿನ ಹನ್ನೊಂದು ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುತ್ತಾರೆ. ನಿಂತಾಗ ಪಕ್ಕದ ಮನೆಯ ಹೂಗಿಡ ನೋಡುತ್ತಿರುವಂತೆ ನಟಿಸುತ್ತಾರೆ. ಆ ಮನೆಯವರು ಗಿಡ ಕಿತ್ತು ಒಂದು ತಿಂಗಳಾಯಿತು.

ಹಾಗಾಗಿ ನಾನೊಂದು ಉಪಾಯ ಮಾಡಿದೆ. ನಮ್ಮ ತಂಡದವರು ಈ ವರ್ಷ ಗೆಲ್ಲುವುದೇ ಇಲ್ಲವೆಂದು ಅಪ್ಪನಿಗೆ ಮನವರಿಕೆಯಾದರೆ, ಒಂದೆರಡು ಪಂದ್ಯ ತಪ್ಪಿದರೂ ಚಿಂತೆಯಿಲ್ಲವೆಂದು ಆಸ್ಪತ್ರೆಗೆ ನಡೆದಾರು ಎಂಬುದು ನನ್ನ ಲೆಕ್ಕಾಚಾರ. ತೊಂದರೆಯೆಂದರೆ, ಈ ವರ್ಷ ನಮ್ಮವರು ನಿಜವಾಗಿಯೂ ಚೆನ್ನಾಗಿದ್ದಾರೆ. ನಿನಗೆ ಹಡಗಿನಲ್ಲಿ ಪತ್ರಿಕೆ ಸಿಗದಿದ್ದರೆ ಕೇಳು. ಚೆಂಡು ಎಸೆಯುವವನ ಮೊಣಕಾಲು ವಾಸಿಯಾಗಿದೆ. ಅವನನ್ನು ಕಾಯುವ ಮುಂದಿನ ಸಾಲಿನ ಐವರಲ್ಲಿ ಮೂವರು ಹೊಸಬರು, ಒಬ್ಬೊಬ್ಬನೂ ನಮ್ಮ ಫ್ರಿಜ್ಜಿಗಿಂತ ಅಗಲ. ರಕ್ಷಣೆಯ ಹುಡುಗರು ಅಭ್ಯಾಸ ಪಂದ್ಯಗಳಲ್ಲಿ ಎದುರಾಳಿಗಳನ್ನು ಹಿಟ್ಟಿನಂತೆ ನಾದಿದರು. ಪಂದ್ಯಪಟ್ಟಿಯೂ ಸುಲಭದ್ದು. ಹದಿನಾರರಲ್ಲಿ ಆರು ಪಂದ್ಯ ಹೋದ ವರ್ಷ ನಮಗಿಂತ ಕೆಟ್ಟದಾಗಿ ಆಡಿದವರ ಜೊತೆಗೆ. ನಮಗಿಂತ ಕೆಟ್ಟವರು ಆರು ಮಂದಿ ಇದ್ದರೆನ್ನುವುದೇ ನನಗೆ ಹೊಸ ಸುದ್ದಿ. ನನ್ನ ನಿಜವಾದ ಅಂದಾಜು ಹನ್ನೊಂದು ಗೆಲುವು, ಐದು ಸೋಲು. ಆದರೂ ಶನಿವಾರ ಕೂತು, ನನ್ನ ಭವಿಷ್ಯದ ಹಾಳೆಯ ಮೇಲೆ ಮೂರು ಗೆಲುವು, ಹದಿಮೂರು ಸೋಲು ಬರೆದೆ. ಮನೆಯ ಕಾನೂನಿನ ಪ್ರಕಾರ ಶಾಯಿಯಲ್ಲೇ ಬರೆದೆ, ಒಂದೊಂದು ಪಂದ್ಯಕ್ಕೂ ಪ್ರಾಸವಿಟ್ಟೇ ಬರೆದೆ. ಸುಳ್ಳಿಗೆ ಪ್ರಾಸ ಎಷ್ಟು ಸಲೀಸಾಗಿ ಒದಗುತ್ತದೆ ಅಂತೀಯ!

ಸಭೆಗೆ ಬಂದವರು ಅದೇ ನಾಲ್ವರು: ಅಪ್ಪ, ನಾನು, ರೋಸೆಲ್, ಮತ್ತು ಅಪ್ಪನ ಜೊತೆ ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಒಂದೇ ಕುಲುಮೆಯ ಮುಂದೆ ನಿಂತ ಬೆನಿತೊ. ನಿನ್ನ ಕುರ್ಚಿಯ ಮೇಲೆ ಪದ್ಧತಿಯಂತೆ ಯಾರೂ ಕೂರಲಿಲ್ಲ, ಬೆನಿತೊ ತನ್ನ ಟೋಪಿ ಇಟ್ಟ. ರೋಸೆಲ್ ಎಂದಿನಂತೆ ತಂಡಗಳ ಅಂಗಿಯ ಬಣ್ಣ ನೋಡಿ ಒಂಬತ್ತು ಗೆಲುವು ಬರೆದಿದ್ದಳು. ಹೋದ ವರ್ಷ ಅವಳೇ ಮೊದಲ ಸ್ಥಾನ ಪಡೆದದ್ದರಿಂದ ಯಾರೂ ನಗುವ ಹಾಗಿಲ್ಲ. ಬೆನಿತೊ ಪ್ರತಿ ವರ್ಷದಂತೆ ಎಂಟು ಗೆಲುವು, ಎಂಟು ಸೋಲು. ತನ್ನ ಮೂರು ಮದುವೆಗಳನ್ನು ಕುರಿತೂ ಅವನು ಹೆಚ್ಚುಕಮ್ಮಿ ಹೀಗೇ ಮಾತಾಡುತ್ತಾನೆ. ಅಪ್ಪ ಹತ್ತು ಗೆಲುವು ಬರೆದು, ಕೊನೆಯಲ್ಲಿ ಸಣ್ಣಕ್ಷರದಲ್ಲಿ "ದೇವರ ದಯೆಯಿದ್ದರೆ ಹನ್ನೊಂದು" ಎಂದು ಸೇರಿಸಿದ್ದರು. ಅದು ಕಾನೂನುಬಾಹಿರವೆಂದು ನಾನು ಆಕ್ಷೇಪ ಎತ್ತಬೇಕಿತ್ತು. ಆ ದಿನ ನನಗೆ ಕಾನೂನಿನ ಬಗ್ಗೆ ಮಾತಾಡುವ ಮುಖವಿರಲಿಲ್ಲ.

ನನ್ನ ಸರದಿ ಬಂತು. ಎದ್ದು ನಿಂತು ಗಂಟಲು ಸರಿಮಾಡಿಕೊಂಡು ಓದಿದೆ:

ಸಿನ್ಸಿನಾಟಿಯ ಊರಿನಲ್ಲಿ ಮೊದಲನೆಯ ಪೆಟ್ಟು,
ಕುಂಟುತ್ತ ಬರುವರು ನಮ್ಮವರು ಮಾನ ಅಲ್ಲೇ ಬಿಟ್ಟು.

ಹ್ಯೂಸ್ಟನ್ನಿನಲ್ಲಿ ಮೇಲೆ ಸೂರು, ಕೆಳಗೆ ಪ್ಲಾಸ್ಟಿಕ್ ಹುಲ್ಲು,
ನಮ್ಮ ಹುಡುಗರಿಗಲ್ಲಿ ಚೆಂಡೂ ಕಲ್ಲು, ಕಾಲೂ ಕಲ್ಲು.

ಡಿಸೆಂಬರಿನಲ್ಲಿ ಬಂತು ನೋಡಿ ಪಿಟ್ಸ್‌ಬರ್ಗಿನ ಯಾನ,
ಹೋಗುವಾಗ ಬಸ್ಸಿನಲ್ಲಿ ಗಾನ, ಬರುವಾಗ ಮೌನ.

ಆರನೆಯ ಸೋಲಿನ ಹೊತ್ತಿಗೆ ಬೆನಿತೊ ಮುಳ್ಳುಚಮಚ ಕೆಳಗಿಟ್ಟ. "ಏನಪ್ಪಾ ಸಿರಿಲ್, ಆಟದ ಭವಿಷ್ಯ ಓದ್ತಿದ್ದೀಯೋ, ಸತ್ತೋರ ಪಟ್ಟಿ ಓದ್ತಿದ್ದೀಯೋ?" ಅಂದ. ರೋಸೆಲ್ ಕಿಟಕಿಯಾಚೆ ನೋಡತೊಡಗಿದಳು, ಅವಳಿಗೆ ನನ್ನ ಉಪಾಯ ಮೊದಲೇ ಗೊತ್ತಿತ್ತು. ನಾನು ಹದಿನಾರನೆಯದನ್ನೂ ಓದಿ ಕೂತೆ. ಅಪ್ಪ ಕೈಚಾಚಿ ಹಾಳೆ ತೆಗೆದುಕೊಂಡರು. ಕನ್ನಡಕ ಹುಡುಕಿದರು, ಸಿಕ್ಕಿತು, ಹಾಕಿಕೊಂಡರು, ಮೊದಲಿಂದ ಕೊನೆಯವರೆಗೆ ಬೆರಳಿಟ್ಟು ಓದಿದರು. ಹಿಂದೆ ಕಾರ್ಖಾನೆಯಲ್ಲಿ ಉಕ್ಕಿನ ತುಂಡನ್ನು ತಿರುಗಿಸಿ ತಿರುಗಿಸಿ ಬಿರುಕು ಹುಡುಕುತ್ತಿದ್ದರಲ್ಲ, ಹಾಗೆ.

"ಹ್ಯೂಸ್ಟನ್ ಪದ್ಯ ಚೆನ್ನಾಗಿದೆ," ಅಂದರು. "ಆದ್ರೆ ಈ ಹಾಳೆ ನಿಂದಲ್ಲ. ಬಳಪ ಹಿಡಿಯೋಕೆ ಬಂದಾಗಿಂದ ನೀನು ಮೊದಲ್ನೇ ಪಂದ್ಯ ಸೋಲ್ತಾರೆ ಅಂತ ಬರೆದೋನೇ ಅಲ್ಲ."

ಅವರು ಎದ್ದು, ಬೀರುವಿನ ಮೇಲಿಂದ ಕಾಫಿ ಡಬ್ಬಿ ಇಳಿಸಿ ಮೇಜಿನ ನಡುವೆ ಇಟ್ಟರು. ನಲವತ್ತು ವರ್ಷದ ಹಾಳೆಗಳು, ಅಮ್ಮನವು, ನಿನ್ನವು, ನನ್ನವು, ಎಲ್ಲ ಅದರಲ್ಲೇ. ಎದ್ದದ್ದಕ್ಕೇ ಉಸಿರು ಕಟ್ಟಿತ್ತು, ಅದು ತಿಳಿಯಾಗುವವರೆಗೆ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ನಿಂತರು. ಆಮೇಲೆ, "ಇದ್ರಲ್ಲಿ ತಪ್ಪು ಬೇಕಾದಷ್ಟಿದೆ. ಸುಳ್ಳು ಒಂದೂ ಇಲ್ಲ. ಹೊಸ ಹಾಳೆ ತಗೋ," ಅಂದರು. ಬೈಗುಳವಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ನಲವತ್ತೈದನೆಯ ವಯಸ್ಸಿನಲ್ಲಿ, ಎಲ್ಲರೆದುರು, ಶಾಲೆಯ ಹುಡುಗನಂತೆ ಕೂತು ಎರಡನೆಯ ಸಲ ಬರೆದೆ. ಹನ್ನೊಂದು, ಐದು. ಪ್ರಾಸ ಒಂದೂ ನೆಟ್ಟಗೆ ಕೂರಲಿಲ್ಲ. ಅವರು ಅದನ್ನು ಮಡಚಿ ಡಬ್ಬಿಗೆ ಹಾಕುವಾಗ ನನ್ನ ತಲೆಯ ಮೇಲೆ ಒಂದು ತಟ್ಟು ತಟ್ಟಿದರು. ಆ ತಟ್ಟಿನ ಅರ್ಥ ನಿನಗೆ ಬಿಡಿಸಿ ಹೇಳಬೇಕಿಲ್ಲ.

ಬೆನಿತೊ ಹೊರಟುಹೋದ ಮೇಲೆ ಅಪ್ಪನೂ ನಾನೂ ವರಾಂಡದಲ್ಲಿ ಕೂತೆವು. ಅದೂ ಇದೂ ಮಾತಾಯಿತು. ಒಳಗೆ ಬಂದವರೇ ಅಪ್ಪ ಗೋಡೆಯ ಮೇಲಿನ ಪಂದ್ಯಪಟ್ಟಿಯ ಮುಂದೆ ನಿಂತು, ಅಕ್ಟೋಬರ್ ಕೊನೆಯಲ್ಲಿ ಬರುವ ಖಾಲಿ ಭಾನುವಾರದ ಮೇಲೆ ಬೆರಳಿಟ್ಟು ಹೇಳಿದರು: "ಇದ್ರ ಹಿಂದಿನ ಮಂಗಳವಾರ ಮಾಡ್ಲಿ. ಇದ್ರ ಮುಂದಿನ ಭಾನುವಾರದ ಹೊತ್ತಿಗೆ ನಾನು ರೇಡಿಯೋ ಕೇಳೋ ಹಾಗಿರ್ಬೇಕು."

ಒಪ್ಪಿದರು, ಅಕ್ಕಾ. ನಮ್ಮವರಿಗೆ ಪಂದ್ಯವಿಲ್ಲದ ಆ ಒಂದೇ ವಾರಕ್ಕೆ ಒಪ್ಪಿದರು. ಈ ಊರಿನಲ್ಲಿ ಮದುವೆ, ನಾಮಕರಣ, ಛಾವಣಿ ರಿಪೇರಿ ಎಲ್ಲ ಆ ವಾರಕ್ಕೇ ಕಾಯುತ್ತವೆ, ಇನ್ನು ಹೃದಯ ಕಾಯದೇ ಇದ್ದೀತೇ? ಇವತ್ತು ಬೆಳಿಗ್ಗೆ ಎಂಟು ಗಂಟೆಗೇ ಆಸ್ಪತ್ರೆಗೆ ಫೋನು ಮಾಡಿದೆ. ದಿನ ಹೇಳುತ್ತಿದ್ದಂತೆ ಆ ಕಡೆಯ ಹೆಂಗಸು ನಿಟ್ಟುಸಿರು ಬಿಟ್ಟಳು. ಆ ವಾರಕ್ಕೆ ಆಗಲೇ ಹನ್ನೆರಡು ಮಂಡಿ, ಐದು ಹರ್ನಿಯಾ, ಒಂದು ಮೂಗು ಬರೆಸಿ ಹೋಗಿವೆಯಂತೆ. ಹೃದಯ ಇದೇ ಮೊದಲು, ಹಾಗಾಗಿ ಮೂಗನ್ನು ಮುಂದೂಡುತ್ತೇನೆ ಅಂದಳು. ಆ ಮೂಗಿನವನು ಯಾರೋ ಗೊತ್ತಿಲ್ಲ. ಅವನಿಗೂ ನಮ್ಮ ಮನೆಯಿಂದ ಒಂದು ಕೃತಜ್ಞತೆ ಸಲ್ಲಬೇಕು.

ಕೃತಜ್ಞತೆಯ ಮಾತು ಬಂತಲ್ಲ, ಇದನ್ನೂ ಬರೆದುಬಿಡುತ್ತೇನೆ. ಎದುರಿಗೆ ಹೇಳಿದರೆ ನೀನು ಒದ್ದೆ ಬಟ್ಟೆ ಎಸೆಯುತ್ತೀಯ. ಅಮ್ಮ ತೀರಿಕೊಂಡ ಚಳಿಗಾಲ ನನಗೆ ಒಂಬತ್ತು, ನಿನಗೆ ಹದಿನೇಳು. ಪ್ರತಿ ಭಾನುವಾರ ರೇಡಿಯೋದಲ್ಲಿ ಆಟ ಬರುವಾಗ ನೀನು ಮೇಜಿನ ಮೇಲೆ ಉಪ್ಪಿನ ಡಬ್ಬಿ, ಮೆಣಸಿನ ಡಬ್ಬಿ, ಒಂಬತ್ತು ಬೀನ್ಸು ಜೋಡಿಸಿ, ಹೇಳುವವನು ಹೇಳಿದಂತೆ ಒಂದೊಂದನ್ನೇ ಸರಿಸಿ ತೋರಿಸುತ್ತಿದ್ದೆ. ಯಾರು ಎಲ್ಲಿಗೆ ಓಡಿದ, ಯಾರು ಯಾರ ಮೇಲೆ ಬಿದ್ದ, ಮುಂದೆ ಏನಾಗಬಹುದು ಎಂದು ಕೇಳುತ್ತಿದ್ದೆ. ನಾನು ತಪ್ಪು ಹೇಳಿದರೆ ಒಂದು ಬೀನ್ಸು ನನ್ನ ಬಾಯಿಗೆ. ಆ ವರ್ಷ ನಾನು ಎಷ್ಟು ಹಸಿ ಬೀನ್ಸು ತಿಂದೆನೋ. ಆದರೆ ಮುಂದೆ ಏನಾಗಬಹುದು ಎಂದು ಯೋಚಿಸಲು ಭಯಪಡಬೇಕಿಲ್ಲ, ಅದೊಂದು ಆಟವಾಗಬಹುದು ಎಂದು ಕಲಿತದ್ದು ಅಲ್ಲಿ. ಆಮೇಲೆ ಅಪ್ಪನ ರಾತ್ರಿ ಪಾಳಿ, ನನ್ನ ಊಟ, ನನ್ನ ಸಾಕ್ಸು, ನನ್ನ ಮೊದಲ ಪದ್ಯದ ಕಾಗುಣಿತ, ಎಲ್ಲ ನಿನ್ನ ಮೇಲೆ ಬಿತ್ತು. ನಿನ್ನ ಓದು ನಿಂತಿತು. ಒಮ್ಮೆಯೂ ನೀನು ಅದನ್ನು ಎತ್ತಿ ಆಡಲಿಲ್ಲ. ನಾನೂ ಇಷ್ಟು ವರ್ಷ ಹೇಳಲಿಲ್ಲ. ಈಗ ಹೇಳಿದ್ದೇನೆ, ಒದ್ದೆ ಬಟ್ಟೆ ಹ್ಯೂರಾನ್ ಸರೋವರದಿಂದ ಇಲ್ಲಿಯವರೆಗೆ ಬರಲಾರದು.

ನಮ್ಮ ತಂಡಕ್ಕೂ ನಾನು ಋಣಿಯೇ. ಮೇಲಿಂದ ಮೇಲೆ ಸೋತು, ನಮ್ಮ ಮನೆಯಲ್ಲಿ ಮಾತಿಗೆ ಎಂದೂ ಬರ ಬಾರದಂತೆ ನೋಡಿಕೊಂಡಿದ್ದಾರೆ.

ನಿನ್ನ ಹಾಳೆ ಇನ್ನೂ ಬಂದಿಲ್ಲವೆಂದು ಅಪ್ಪ ದಿನಕ್ಕೆ ಎರಡು ಸಲ ನೆನಪಿಸುತ್ತಾರೆ. ಈ ಕಾಗದ ಡೆಟ್ರಾಯಿಟ್ ನದಿಯ ಅಂಚೆ ದೋಣಿಗೆ ಬುಧವಾರ ಸೇರುತ್ತದೆ. ನಿಮ್ಮ ಹಡಗು ಹಾದುಹೋಗುವಾಗ ಹಗ್ಗದ ಬಕೆಟ್ಟಿನಲ್ಲಿ ಇದು ಮೇಲೆ ಬಂದೊಡನೆ ನಿನ್ನದನ್ನು ಕೆಳಗಿಳಿಸು. ಅಂಚೆ ಮುದ್ರೆ ಭಾನುವಾರದ ಮೊದಲ ಪಂದ್ಯಕ್ಕಿಂತ ಹಿಂದಿನದಾಗಿರಬೇಕು, ಇಲ್ಲವಾದರೆ ಬೆನಿತೊ ತಕರಾರು ತೆಗೆಯುತ್ತಾನೆ. ಜೊತೆಗಿರುವ ಪೊಟ್ಟಣದಲ್ಲಿ ರೋಸೆಲ್ ಹಾಕಿದ ಮೆಣಸಿನಕಾಯಿ ಉಪ್ಪಿನಕಾಯಿ ಇದೆ. ಎಂಜಿನ್ ಕೋಣೆಯವರಿಗೆ ತೋರಿಸಬೇಡ.

ಅಪ್ಪನ ಆಶೀರ್ವಾದ, ರೋಸೆಲ್‌ಳ ಮುತ್ತು, ಬೆನಿತೊ ಬಾಗಿಲಲ್ಲಿ ನಿಂತು ಕೂಗಿ ಹೇಳಿದ ನಮಸ್ಕಾರ, ಎಲ್ಲವನ್ನೂ ಈ ಲಕೋಟೆಯಲ್ಲಿ ಒತ್ತಿ ತುಂಬಿದ್ದೇನೆ. ನಿನ್ನ ನೀರು ಶಾಂತವಾಗಿರಲಿ.

ನಿನ್ನ ತಮ್ಮ,
ಸಿರಿಲ್

ಮರೆತಿದ್ದು: ಮರೆತಿರಲಿಲ್ಲ, ಬರೆಯಲು ಧೈರ್ಯವಿರಲಿಲ್ಲ. ವರಾಂಡದಲ್ಲಿ ಅದೂ ಇದೂ ಮಾತಾಯಿತು ಎಂದೆನಲ್ಲ, ಅಲ್ಲಿ ಆದದ್ದು ಒಂದೇ ಮಾತು. ಹಾಳೆ ಬದಲಾಯಿಸಿದ ಮೇಲೂ ಅಪ್ಪ ಒಪ್ಪಿರಲಿಲ್ಲ. "ಇರ್ಮಾ ನೀರಿನ ಮೇಲಿರೋವಾಗ ನಾನು ಆ ಆಪರೇಷನ್ ಮೇಜಿನ ಮೇಲೆ ಮಲಗಲ್ಲ" ಅಂದರು. ಆಗ ನಾನು, ನೀನು ಕ್ಯಾಪ್ಟನ್ನನ ಹತ್ತಿರ ರಜೆ ಕೇಳಿ ಆಗಿದೆ, ಸಿಕ್ಕಿದೆ, ಆಪರೇಷನ್ನಿನ ಹಿಂದಿನ ಶನಿವಾರವೇ ಕ್ಲೀವ್‌ಲ್ಯಾಂಡಿನಲ್ಲಿ ಇಳಿಯುತ್ತೀಯ ಎಂದು ಹೇಳಿದೆ. ಡಬ್ಬಿಗೆ ಹಾಕದ ಸುಳ್ಳು ಅದು. ಅವರು ತಕ್ಷಣ ನಂಬಿದರು, ಅದಕ್ಕೇ ಒಪ್ಪಿದರು. ಇವತ್ತು ಬೆಳಿಗ್ಗೆ ಮೆಟ್ಟಿಲ ಮೇಲೆ ನಿಂತು ನಿಂತು ಮಹಡಿಗೆ ಹೋಗಿ ನಿನ್ನ ಕೋಣೆಯ ಕಿಟಕಿ ತೆರೆದಿಟ್ಟು ಬಂದಿದ್ದಾರೆ. ರೇಡಿಯೋ ಫೋನಿನಲ್ಲಿ ಇದನ್ನು ಹೇಳಿದರೆ ಸರೋವರದ ಅರ್ಧ ಹಡಗುಗಳು ಕೇಳಿಸಿಕೊಳ್ಳುತ್ತವೆ, ಅದಕ್ಕೇ ಕಾಗದ. ಇದನ್ನು ಓದಿದ ಕೂಡಲೇ ಹೋಗಿ ಕ್ಯಾಪ್ಟನ್ನನನ್ನು ಕೇಳು. ಅಪ್ಪನಿಗಾಗಿ ಕೇಳುತ್ತಿದ್ದೇನೆ ಎಂದು ಬರೆಯಹೊರಟಿದ್ದೆ. ಅಲ್ಲ, ಅಕ್ಕಾ. ಅವರನ್ನು ಒಳಗೆ ಕರೆದುಕೊಂಡು ಹೋದಮೇಲೆ ಹೊರಗಿನ ಬೆಂಚಿನ ಮೇಲೆ ನಾನು ಒಬ್ಬನೇ ಕೂರಲಾರೆ.