ಸಾಂತ್ವನದ ಪಾಠವನ್ನು ಮಂಗಳವಾರಕ್ಕೆ ತಳ್ಳಿದವರಿಗೆ

ದೇವಶಾಸ್ತ್ರ ಸ್ನಾತಕೋತ್ತರ ವಿಭಾಗದ ವೇಳಾಪಟ್ಟಿ ರಚಿಸುವ ಮಾನ್ಯರೇ,

ಒಬ್ಬ ಮನುಷ್ಯ ಒಂದೇ ಹೊತ್ತಿಗೆ ಎರಡು ಕಡೆ ಇರಲಾರ ಎಂಬ ಸಣ್ಣ ಸಂಗತಿಯನ್ನು ತಮ್ಮ ತಲೆಗೆ ಹಾಕಲು ಇಷ್ಟು ದೊಡ್ಡ ಪತ್ರ ಬರೆಯಬೇಕಾಗಿ ಬಂದಿದೆ. ಕೊನೆಯ ವರ್ಷದವರಿಗೆ ‘ಶೋಕ ಮತ್ತು ಸಾಂತ್ವನ’ ಎಂಬ ವಿಷಯ ಕಡ್ಡಾಯ. ಆಸ್ಪತ್ರೆಯಲ್ಲಿ ನೊಂದವರ ಪಕ್ಕ ಕೂತು ಧೈರ್ಯ ಹೇಳುವ ಸೇವೆಯೂ ಕಡ್ಡಾಯ. ತಾವು ಎರಡನ್ನೂ ಮಂಗಳವಾರ ಬೆಳಗಿನ ಹೊತ್ತಿಗೇ ಇಟ್ಟಿರಿ. ಅಂದರೆ, ಸಾಂತ್ವನ ಹೇಳಲು ಕಲಿಯುವವರು ಹೇಳಬಾರದು, ಹೇಳುವವರು ಕಲಿಯಬಾರದು. ಎಲ್ಲೆಡೆಯೂ ಇರುವುದು ದೇವರೊಬ್ಬನ ಗುಣವೆಂದು ಮೊದಲ ವರ್ಷದಲ್ಲೇ ನಮಗೆ ಪಾಠವಾಗಿತ್ತು. ಕೊನೆಯ ವರ್ಷದ ಹೊತ್ತಿಗೆ ಅದು ನಮಗೂ ಕೈಗೂಡಿರುತ್ತದೆಂದು ತಾವು ನಂಬಿದ್ದರೆ, ಆ ಭಕ್ತಿಗೊಂದು ದೊಡ್ಡ ನಮಸ್ಕಾರ.

ನಾನು ಹೆರಿಗೆ ವಾರ್ಡಿನ ನರ್ಸ್. ಅಳದೆ ಹುಟ್ಟಿದ ಮಕ್ಕಳನ್ನು ಬಟ್ಟೆಯಲ್ಲಿ ಸುತ್ತಿ ತಾಯಂದಿರ ಕೈಗೆ ಕೊಟ್ಟಿದ್ದೇನೆ. ಕೊಟ್ಟ ಮೇಲೆ ಏನು ಹೇಳಬೇಕೆಂದು ತೋಚದೆ, ಸರಿಯಾಗಿಯೇ ಇದ್ದ ಸಲೈನ್ ಬಾಟಲಿಯನ್ನು ಸರಿಪಡಿಸುತ್ತಾ ನಿಂತಿದ್ದೇನೆ. ಅದಕ್ಕೇ ನಡುವಯಸ್ಸಿನಲ್ಲಿ ಮತ್ತೆ ಬೆಂಚಿನ ಮೇಲೆ ಕೂತೆ. “ಈ ವಯಸ್ಸಲ್ಲಿ ನಿಂಗ್ಯಾಕಮ್ಮ ದೇವರ ಡಿಗ್ರಿ?” ಎಂದು ನಮ್ಮತ್ತೆ ನಕ್ಕರು. ನಕ್ಕವರೇ ಪಾಠವಿದ್ದ ಸಂಜೆಗಳಲ್ಲಿ ಅಡುಗೆಯನ್ನೆಲ್ಲ ತಾವೇ ವಹಿಸಿಕೊಂಡು, ಅಡುಗೆಮನೆಗೆ ನನ್ನನ್ನು ಬಿಟ್ಟುಕೊಳ್ಳಲಿಲ್ಲ.

ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ಮರಗೆಲಸದವರು. ಎಲ್ಲರಿಗೂ ಅವರು ‘ಬಡಗಿ ಮಾವ’. ಬೆಳೆದ ಮಗಳನ್ನು ಕಾಯಿಲೆಗೆ ಕಳೆದುಕೊಂಡು, ‘ಯಾಕೆ’ ಎಂದು ಕೇಳಲು ಜಾಗ ಹುಡುಕುತ್ತಾ ಇಲ್ಲಿಗೆ ಬಂದವರು. ಯಾವ ವರ್ಷ ಯಾವ ವಿಷಯ ಎಂದು ನಾವಿಬ್ಬರೂ ಕ್ಯಾಂಟೀನಿನಲ್ಲಿ ಕೂತು ಮೊದಲೇ ಯೋಜಿಸಿಕೊಂಡಿದ್ದೆವು. ಮೊದಲು ಹಳೆಯ ಭಾಷೆ, ಆಮೇಲೆ ಗ್ರಂಥಗಳು, ಎಲ್ಲಕ್ಕೂ ಕೊನೆಗೆ ಗುರುವಾರ ಸಂಜೆ ನಡೆಯುತ್ತಿದ್ದ ಈ ಸಾಂತ್ವನದ ಪಾಠ. ಅದಕ್ಕಾಗಿಯೇ ಉಳಿದದ್ದನ್ನೆಲ್ಲ ಹಲ್ಲು ಕಚ್ಚಿ ಓದಿದೆವು. ಆದರೆ ಗುರುವಾರ ಸಂಜೆ ಆ ಕೊಠಡಿ ತಮಗೆ ಬೇಕಾಯಿತಂತೆ. ಯಾತಕ್ಕೆ? ವೇಳಾಪಟ್ಟಿ ಸುಧಾರಣಾ ಸಮಿತಿಯ ಸಭೆಗೆ! ನಗಬೇಕೋ ಅಳಬೇಕೋ ತಾವೇ ತಿಳಿಸಬೇಕು.

ನಾವಿಬ್ಬರೂ ತಮ್ಮ ಕಚೇರಿಗೆ ಬಂದಿದ್ದೆವು. ತಮಗೆ ನೆನಪಿರಲಿಕ್ಕಿಲ್ಲ, ತಾವು ತಲೆ ಎತ್ತಿರಲಿಲ್ಲ. ದೊಡ್ಡ ಹಾಳೆಯ ಮೇಲೆ ಬಣ್ಣಬಣ್ಣದ ಚೌಕಗಳನ್ನು ಅಂಟಿಸುತ್ತಿದ್ದಿರಿ.

“ಸಾರ್, ಎರಡೂ ಒಂದೇ ಟೈಮಿಗೆ ಬಂದಿದೆ,” ಎಂದೆ.

“ಹಾಗೇನಿಲ್ಲಮ್ಮ. ಜಾಗ ಬೇರೆ, ಪಾಠ ಮಾಡೋರು ಬೇರೆ. ಪಟ್ಟಿ ಸರಿಯಾಗೇ ಇದೆ.”

“ಜಾಗ ಬೇರೆ ಸರಿ. ಹೋಗೋರು ನಾವೇ ಅಲ್ವಾ ಸಾರ್?”

“ಹಾಗಾದ್ರೆ ಒಂದನ್ನ ಮುಂದಿನ ವರ್ಷ ತಗೊಳ್ಳಿ.”

ಬಡಗಿ ಮಾವ ಮೆಲ್ಲಗೆ ಬಾಯಿ ಬಿಟ್ಟರು: “ಸಾಂತ್ವನದ ಪಾಠ ಮಾಡೋ ಮೇಡಂ ಮುಂದಿನ ವರ್ಷ ಇರಲ್ಲ ಸಾರ್, ರಿಟೈರ್ ಆಗ್ತಾರೆ. ಅವರಾದ್ಮೇಲೆ ಈ ಪಾಠಾನೇ ಇರಲ್ಲ ಅಂತ ನೀವೇ ನೋಟಿಸ್ ಹಾಕಿದೀರಿ.”

ಆಗ ತಾವು ನಕ್ಕಿರಿ. “ದೇವರು ಎಲ್ಲೂ ಓಡಿಹೋಗಲ್ಲ ಬಿಡಿ ಯಜಮಾನ್ರೆ. ನಿಮಗೇನು ಅಷ್ಟು ಆತುರ?”

ಅವರಿಗೇನು ಆತುರ ಎಂದು ಕೇಳುವ ಸೌಜನ್ಯ ತಮಗಿದ್ದಿದ್ದರೆ ಅವರು ಹೇಳುತ್ತಿದ್ದರು. ತಾವು ಕೇಳಿದ್ದು ಉತ್ತರ ಬೇಕೆಂದಲ್ಲ, ಬಾಗಿಲು ತೋರಿಸಲಿಕ್ಕೆ. ಮೆಟ್ಟಿಲಿಳಿಯುವಾಗ ಮಾವ, “ಬಿಡಮ್ಮ, ಇವರ ಹತ್ರ ಹೋಗಿ ಅಂಗಲಾಚಬೇಕಾ?” ಎಂದರು. ಮತ್ತೆ ತರಗತಿಯ ಕಡೆ ಬರಲೇ ಇಲ್ಲ. ಫೋನ್ ಮಾಡಿದರೆ “ಕೆಲಸ ಇದೆಯಮ್ಮ” ಎನ್ನುತ್ತಾರೆ.

ತಮ್ಮ ಪಟ್ಟಿ ಬಗ್ಗಲಿಲ್ಲ, ಬಗ್ಗಿದವರು ಮೇಡಂ. “ನೀವು ಬರೋಕಾಗಲ್ಲ ಅಂದ್ರೆ ನಾನೇ ಬರ್ತೀನಿ” ಎಂದು, ಮಂಡಿನೋವಿನ ಕಾಲೆಳೆದುಕೊಂಡು ಪ್ರತಿ ಮಂಗಳವಾರ ಆಸ್ಪತ್ರೆಗೇ ಬಂದರು. ಸಂದರ್ಶಕರ ಕೋಣೆಯ ಪ್ಲಾಸ್ಟಿಕ್ ಕುರ್ಚಿಗಳಲ್ಲಿ, ಸೇವೆಯ ನಡುವಿನ ಬಿಡುವಿನಲ್ಲಿ, ತರಗತಿಯಲ್ಲಿ ಉಳಿದಿದ್ದ ನಮಗೆಲ್ಲ ಪಾಠವಾಯಿತು. ಒಂದು ದಿನ ಪಾಠದ ಮಧ್ಯೆ ಒಬ್ಬ ಬಾಣಂತಿ ಗೋಡೆ ಹಿಡಿದುಕೊಂಡು ಬಂದು ನಮ್ಮ ಹತ್ತಿರ ಕೂತಳು. ಅವಳ ಮಗು ಹಿಂದಿನ ದಿನ ತೀರಿಕೊಂಡಿತ್ತು. ನನ್ನ ಕೈ ಎಂದಿನಂತೆ ಸರಿಪಡಿಸಲು ಏನನ್ನಾದರೂ ಹುಡುಕಿತು. ಮೇಡಂ ಪುಸ್ತಕ ಮುಚ್ಚಿ, “ಮಗೂಗೆ ಏನಂತ ಹೆಸರಿಡಬೇಕು ಅಂದ್ಕೊಂಡಿದ್ದೆ?” ಎಂದು ಕೇಳಿದರು.

ಅವಳು ಹೆಸರು ಹೇಳಿದಳು. “ಯಾರೂ ಕೇಳಿರ್ಲಿಲ್ಲ. ಮರೆತುಬಿಡು, ಇನ್ನೊಂದಾಗತ್ತೆ ಅಂದ್ರು ಎಲ್ಲಾರೂ,” ಎಂದಳು. ಆಮೇಲೆ ಅತ್ತಳು. ಮೇಡಂ ಅವಳ ಕೈ ಹಿಡಿದು ಸುಮ್ಮನೆ ಕೂತರು, ನಾನೂ ಕೂತೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ, ಏನನ್ನೂ ಸರಿಪಡಿಸುವವಳಂತೆ ನಟಿಸದೆ ಕೂತೆ.

ಇದಕ್ಕೆ ತಮ್ಮ ಕಚೇರಿಯ ಬಹುಮಾನ ಏನು? ‘ಅನುಮೋದಿತವಲ್ಲದ ಸ್ಥಳದಲ್ಲಿ ನಡೆದ ಬೋಧನೆಯನ್ನು ಬೋಧನೆಯೆಂದು ಪರಿಗಣಿಸಲಾಗದು’ ಎಂಬ ಆದೇಶ. ನಮಗೆಲ್ಲ ಹಾಜರಾತಿ ಕೊರತೆ, ಪರೀಕ್ಷೆಗೆ ಪ್ರವೇಶವಿಲ್ಲ. ಮಾನ್ಯರೇ, ದುಃಖ ತಮ್ಮಿಂದ ಕೊಠಡಿ ಮಂಜೂರು ಮಾಡಿಸಿಕೊಂಡು ಬರಬೇಕಿತ್ತೇ? ತಾವು ಕೆಟ್ಟವರೆಂದು ನಾನು ಹೇಳುವುದಿಲ್ಲ. ಕೆಟ್ಟವರಾಗಲು ಎದುರಿಗಿರುವ ಮನುಷ್ಯನನ್ನು ಒಮ್ಮೆಯಾದರೂ ಕಣ್ಣೆತ್ತಿ ನೋಡಿರಬೇಕು. ತಾವು ಅಷ್ಟು ಶ್ರಮವನ್ನೂ ತೆಗೆದುಕೊಂಡಿಲ್ಲ.

ಆದ್ದರಿಂದ ಬೇಡಿಕೊಳ್ಳುತ್ತಿಲ್ಲ, ಒತ್ತಾಯಿಸುತ್ತಿದ್ದೇನೆ. ಆಸ್ಪತ್ರೆಯಲ್ಲಿ ನಡೆದ ಪಾಠಗಳನ್ನು ಪಾಠಗಳೆಂದೇ ಒಪ್ಪಿ, ಮೇಡಂ ನಿವೃತ್ತರಾಗುವ ಮೊದಲು ಪರೀಕ್ಷೆ ನಡೆಸಿ. ಅವರ ನಂತರವೂ ಆ ವಿಷಯ ಉಳಿಯಲಿ, ಗುರುವಾರ ಸಂಜೆಯೇ ಇರಲಿ. ತಮ್ಮ ಸಮಿತಿ ಬೇಕಾದರೆ ಕಾರಿಡಾರಿನಲ್ಲಿ ನಿಂತು ಸುಧಾರಣೆ ಮಾಡಲಿ. ಇಷ್ಟಾದ ಮೇಲೆ, ಗುಮಾಸ್ತರನ್ನು ಕಳಿಸದೆ ತಾವೇ ಬಡಗಿ ಮಾವನ ಅಂಗಡಿಗೆ ಹೋಗಿ ಕ್ಷಮೆ ಕೇಳಿ, ಅವರನ್ನು ತರಗತಿಗೆ ಕರೆಯಿರಿ. ಅಲ್ಲಿ ಮರ ಕೊಯ್ಯುವ ಯಂತ್ರದ ಸದ್ದು ಜೋರು. ಗೊಣಗಿದರೆ ಕೇಳಿಸುವುದಿಲ್ಲ, ನಾಲ್ಕು ಜನರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಬೇಕಾಗುತ್ತದೆ.

ಇಂತಿ,
ತಮ್ಮ ದಾಖಲೆಯಲ್ಲಿ ವರ್ಷವಿಡೀ ಗೈರುಹಾಜರಾದ,
ಹೆರಿಗೆ ವಾರ್ಡಿನ ನರ್ಸ್