ಕೈ ಕೊಡಮ್ಮ, ಗಿಡ್ಡಿ

ಪ್ರೀತಿಯ ಅಪ್ಪ,

ಅಕ್ಕನ ಮನೆಗೆ ಹೋದ ಮೇಲೆ ಸೊಂಟನೋವು ಇಳಿಯಿತೇ? "ಬಗ್ಗಲಾಗದವನಿಂದ ಏನು ಉಪಯೋಗ, ಗೊರಸು ಹೆರೆಯೋಕೆ ಬೇರೆ ಯಾರನ್ನಾದರೂ ನೋಡ್ಕೋ" ಎಂದಿದ್ದೆಯಲ್ಲ, ನೋಡಿಕೊಂಡೆ. ಮೊದಲು ಬಂದವನು ನಮ್ಮ ಪುಟಾಣಿ ಕುದುರೆ ಗಿಡ್ಡಿಯನ್ನು ಕಂಡು, "ಇದು ಕುದುರೆನೋ ನಾಯಿಮರಿನೋ?" ಎಂದು ನಕ್ಕ. ಗೇಟಿನಿಂದಲೇ ಸಾಗಹಾಕಿದೆ. ಈಗ ಸಿಕ್ಕಿರುವವಳು ಜಾಣೆ. ನೆಲದ ಮೇಲೇ ಕೂತು, ಕಾಲನ್ನು ಹೆಚ್ಚು ಎತ್ತದೆ ಹೆರೆಯುತ್ತಾಳೆ.

ಆದರೆ "ಕಾಲೆತ್ತು, ಕಾಲೆತ್ತು" ಎಂದು ಅವಳು ಎಷ್ಟು ಗೋಗರೆದರೂ ಗಿಡ್ಡಿ ಜಪ್ಪಯ್ಯ ಅಂದರೂ ಎತ್ತಲಿಲ್ಲ. ಆಮೇಲೆ ಹೊಳೆಯಿತು, ನೀನು ಅದರ ಮುಂಗಾಲನ್ನು ಕೈ ಅನ್ನುತ್ತೀಯಲ್ಲ! ನಿನ್ನ ಹಾಗೇ "ಎಲ್ಲಿ, ಕೈ ಕೊಡಮ್ಮ" ಎಂದೆ. ತಟ್ಟನೆ ಗೊರಸು ಅವಳ ಮಡಿಲಿಗೆ ಬಂತು. ಕಣ್ಣು ಮಾತ್ರ ಗೇಟಿನ ಕಡೆಗೇ, ನೀನೆಲ್ಲಿ ಎಂದು.

ಹಿಂಗಾಲುಗಳು ಹಾಗೇ ಉಳಿದಿವೆ. ಅವಕ್ಕೆ ನೀನು ಏನನ್ನುತ್ತಿದ್ದೆಯೋ ನನಗೆ ತಿಳಿಯದು. ಪತ್ರದಲ್ಲಿ ಬರೆದು ಕಳಿಸಬೇಡ, ಬಂದೇ ಹೇಳು. ಭಾನುವಾರ ಅವಳು ಮತ್ತೆ ಬರುತ್ತಾಳೆ. ಲಾಯದ ಬಾಗಿಲಲ್ಲಿ ನಿನಗೆ ಕುರ್ಚಿ ಹಾಕಿರುತ್ತೇನೆ. ನೀನು ಬಗ್ಗಬೇಕಿಲ್ಲ, ಕೂತಲ್ಲಿಂದ ಒಂದು ಮಾತು ಅಂದರೆ ಸಾಕು.

ಬಾ ಅಪ್ಪ. ನೀನಾದರೂ ಕೈ ಕೊಡಬೇಡ.

ದಾರಿ ನೋಡುತ್ತಿರುವ,
ನಿನ್ನ ಕಿರಿಮಗಳು (ಮತ್ತು ಗಿಡ್ಡಿ)